ಜಾಲಹಳ್ಳಿಯ ಪೆಟ್ಟಿಗೆ, ರೈಸಿನಾ ಗುಡ್ಡದ ಕುರ್ಚಿ

ನಮ್ಮ ಬೀದಿಯ ಮಕ್ಕಳು ಅವರನ್ನು ‘ಬಿಇಎಲ್ ತಾತ’ ಎಂದೇ ಕರೆಯುತ್ತಾರೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು ನಿವೃತ್ತರಾದವರು. ಬೆಳಿಗ್ಗೆ ಆರಕ್ಕೆ ಹಾಲಿನ ಬೂತು, ಏಳಕ್ಕೆ ಪೇಪರು, ಎಂಟಕ್ಕೆ ನಮ್ಮ ಮನೆ ಗೇಟು. ಬಸ್ಸು ತಪ್ಪಿಸಿಕೊಂಡರೆ ಹಾಜರಿ ಹೋಗುತ್ತದೆಂಬ ಕಾಲದ ಶಿಸ್ತು ಇನ್ನೂ ಮೈಯಿಂದ ಇಳಿದಿಲ್ಲ. 2022ರ ಜುಲೈ 21ರ ಸಂಜೆ ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ ಬಂದರು. ಟಿ.ವಿ.ಯಲ್ಲಿ ರಾಷ್ಟ್ರಪತಿ ಚುನಾವಣೆಯ ಎಣಿಕೆಯ ಸುದ್ದಿ. ದ್ರೌಪದಿ ಮುರ್ಮು ಸುತ್ತಿನಿಂದ ಸುತ್ತಿಗೆ ಮುಂದೆ ಹೋಗುತ್ತಿದ್ದರು.

“ನೋಡಪ್ಪಾ, ನಮೀಬಿಯಾದವ್ರು ಅವ್ರ ಪ್ರೆಸಿಡೆಂಟನ್ನ ಆರಿಸ್ಕೊಂಡಿದ್ದು ನಮ್ಮ ಫ್ಯಾಕ್ಟ್ರಿ ಮಿಷನ್ನಲ್ಲಿ. ನಮ್ಮ ದೇಶದ ಪ್ರೆಸಿಡೆಂಟ್ ಎಲೆಕ್ಷನ್‌ಗೆ ನೋಡು, ಇವತ್ತಿಗೂ ಪೇಪರ್ರು, ಪೆನ್ನು!”

ಅರ್ಧ ಹೆಮ್ಮೆ, ಅರ್ಧ ಮುನಿಸು. ನಾನು ನಕ್ಕು ಸುಮ್ಮನಾದೆ. ಆದರೆ ಅವರು ಹೋದ ಮೇಲೂ ಮಾತು ಗೇಟಿನ ಹತ್ತಿರವೇ ನಿಂತಿತ್ತು. ಪೀಣ್ಯದ ಮಗ್ಗುಲಲ್ಲೇ ತಯಾರಾಗುವ ಮತಯಂತ್ರ ಆಫ್ರಿಕಾದ ರಾಷ್ಟ್ರಾಧ್ಯಕ್ಷರನ್ನು ಆರಿಸಬಲ್ಲದು, ಜಾಲಹಳ್ಳಿ ಇರುವ ದೇಶದ ರಾಷ್ಟ್ರಪತಿಯನ್ನು ಆರಿಸಲಾರದು. ಯಾಕೆ ಎಂದು ಹುಡುಕಿಕೊಂಡು ಹೊರಟರೆ ಸ್ವತಂತ್ರ ಭಾರತದ ಮೊದಲ ರಾಷ್ಟ್ರಪತಿ ಚುನಾವಣೆಯವರೆಗೂ ನಡೆಯಬೇಕಾಯಿತು. ಅದಕ್ಕೂ ನಾಲ್ಕು ವರ್ಷ ಹಿಂದಕ್ಕೆ ಎನ್ನಬೇಕು.

1948ರ ಡಿಸೆಂಬರ್. ಸಂವಿಧಾನ ರಚನಾ ಸಭೆಯಲ್ಲಿ ರಾಷ್ಟ್ರಪತಿಯನ್ನು ಆರಿಸುವ ಬಗೆಯ ಮೇಲೆ ಚರ್ಚೆ. ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ಎದ್ದುನಿಂತು, ವಯಸ್ಕ ಪ್ರಜೆಗಳೆಲ್ಲ ನೇರವಾಗಿ ಮತ ಹಾಕಿಯೇ ರಾಷ್ಟ್ರಪತಿಯನ್ನು ಆರಿಸಬೇಕು ಎಂದು ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಇಷ್ಟು ದೊಡ್ಡ ಮತದಾರ ಸಮೂಹವನ್ನು ಈ ಒಂದು ಹುದ್ದೆಗಾಗಿ ಮತಗಟ್ಟೆಗೆ ಕರೆತರುವುದು ಹೇಗೆ? ಅದನ್ನು ನಡೆಸುವಷ್ಟು ಆಡಳಿತ ಯಂತ್ರ ಎಲ್ಲಿದೆ? ಅಲ್ಲದೆ ಅಧಿಕಾರವೆಲ್ಲ ಮಂತ್ರಿಮಂಡಲದ ಕೈಯಲ್ಲಿರುವಾಗ, ಅಲಂಕಾರದ ಕುರ್ಚಿಯಲ್ಲಿ ಕೂರುವವರಿಗೆ ಇಡೀ ದೇಶ ಯಾಕೆ ಮತ ಹಾಕಬೇಕು? ನೆಹರೂ ಅದಕ್ಕೆ ಮೊದಲೇ, 1947ರಲ್ಲೇ, ಹೆಚ್ಚುಕಡಿಮೆ ಇದೇ ಮಾತು ಆಡಿದ್ದರು. ಜನರಿಂದ ನೇರವಾಗಿ ಆರಿಸಿಬಂದ ರಾಷ್ಟ್ರಪತಿ ಸುಮ್ಮನೆ ಕೂರುತ್ತಾರೆಯೇ, ಪ್ರಧಾನಿಯ ಎದುರು ಇನ್ನೊಂದು ಶಕ್ತಿಕೇಂದ್ರವಾಗುತ್ತಾರೆ ಎಂಬ ಅಂಜಿಕೆಯೂ ಆ ವಾದದ ಒಳಗಿತ್ತು. ಶಾ ಸೋತರು. ಶಾಸಕರು, ಸಂಸದರು ಜನರ ಪರವಾಗಿ ಮತ ಹಾಕುವ ಪದ್ಧತಿ ಗೆದ್ದಿತು.

ನನಗೇನೋ ಅಂಬೇಡ್ಕರ್ ಅವರ ಕೊನೆಯ ಕಾರಣ ಇವತ್ತಿಗೂ ಗಟ್ಟಿಯಾಗಿದೆ ಅನಿಸುತ್ತದೆ. ಮೊದಲನೆಯದಕ್ಕೆ ಮಾತ್ರ ಆಯಸ್ಸು ಮುಗಿದು ಬಹಳ ಕಾಲವಾಯಿತು. ಅದರ ಆಯಸ್ಸು ಮುಗಿಸಿದ ಕಾರ್ಖಾನೆಗಳಲ್ಲಿ ಒಂದು ನಮ್ಮ ಮನೆಯಿಂದ ಆಟೊಗೆ ಐದೇ ನಿಮಿಷ.

ಆಗ ಇಲ್ಲಿ ಏನಿತ್ತು? ಜಾಲಹಳ್ಳಿಯಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದ ಶೆಡ್ಡುಗಳು ಇದ್ದವು. ಬಿಇಎಲ್ ಹುಟ್ಟಿದ್ದು 1954ರಲ್ಲಿ. ಪೀಣ್ಯ ಆಗ ಹೊಲಗದ್ದೆಗಳ ಒಂದು ಹಳ್ಳಿ. ಅಲ್ಲಿಗೆ ಕೈಗಾರಿಕೆ ಬಂದಿದ್ದು ಎಪ್ಪತ್ತರ ದಶಕದಲ್ಲಿ. ಎಲೆಕ್ಟ್ರಾನಿಕ್ ಸಿಟಿಯ ಜಾಗದಲ್ಲಿದ್ದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ರಾಗಿ ಹೊಲ. ಆರ್.ಕೆ. ಬಾಳಿಗ ಅವರು ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ ಮೂಲಕ 332 ಎಕರೆ ಹಿಡಿದು ಅಲ್ಲೊಂದು ಎಲೆಕ್ಟ್ರಾನಿಕ್ಸ್ ಊರು ಕಟ್ಟುತ್ತೇನೆಂದು ಹೊರಟದ್ದು ಎಪ್ಪತ್ತರ ದಶಕದ ಕೊನೆಗೆ. ವೈಟ್‌ಫೀಲ್ಡ್ ಮಾತ್ರ ಹಳೆಯದು. ಹತ್ತನೇ ಚಾಮರಾಜ ಒಡೆಯರು 1882ರಲ್ಲಿ ಕೊಟ್ಟ ಜಮೀನಿನಲ್ಲಿ ಡಿ.ಎಸ್. ವೈಟ್ ಎಂಬವರ ಮುಂದಾಳತ್ವದಲ್ಲಿ ಆಂಗ್ಲೋ ಇಂಡಿಯನ್ನರು ಕಟ್ಟಿಕೊಂಡ ಹಳ್ಳಿ ಅದು.

ಈ ಹಳ್ಳಿಗಳೆಲ್ಲ ಮೊದಲ ಸಲ ಮತ ಹಾಕಿದ್ದು ದೇಶದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, 1951ರ ಅಕ್ಟೋಬರಿನಿಂದ 1952ರ ಫೆಬ್ರುವರಿವರೆಗೆ ನಡೆದ ಆ ಮಹಾಜಾತ್ರೆಯಲ್ಲಿ. ಆಗಿನ ಆನೇಕಲ್ ಹೊಸಕೋಟೆಯ ಜೊತೆ ಸೇರಿದ ಎರಡು ಸದಸ್ಯರ ಕ್ಷೇತ್ರ. ಒಬ್ಬ ಮತದಾರ, ಎರಡು ಚೀಟಿ. ಚೀಟಿಯ ಮೇಲೆ ಹೆಸರಿಲ್ಲ, ಚಿಹ್ನೆಯಿಲ್ಲ, ಒತ್ತುವ ಮುದ್ರೆಯೂ ಇಲ್ಲ. ಮರೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಉಕ್ಕಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಜೋಡೆತ್ತಿನ ಪೆಟ್ಟಿಗೆಗೆ ಹಾಕಿದರೆ ಕಾಂಗ್ರೆಸ್ಸಿಗೆ, ಗುಡಿಸಲ ಪೆಟ್ಟಿಗೆಗೆ ಹಾಕಿದರೆ ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಓದು ಬಾರದ ದೇಶದಲ್ಲಿ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹೂಡಿದ ಉಪಾಯ ಅದು. 17 ಕೋಟಿಗೂ ಮಿಕ್ಕ ಮತದಾರರ ಪಟ್ಟಿ ಬರೆಯುವಾಗ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲು ಒಪ್ಪದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದ್ದರು. ಅಂಥ ಸುಮಾರು 28 ಲಕ್ಷ ಮಂದಿಯನ್ನು ಸೇನ್ ಪಟ್ಟಿಯಿಂದಲೇ ತೆಗೆಸಿದರು. ಕಠಿಣ ಎನಿಸಬಹುದು. ಆದರೆ ಮುಂದಿನ ಚುನಾವಣೆಗಳಲ್ಲಿ ಹೆಂಗಸರ ಹೆಸರು ಹೆಸರಾಗಿಯೇ ಪಟ್ಟಿಗೆ ಬರಲು ಆ ಹಟವೂ ಕಾರಣ.

ಮೈಸೂರು ರಾಜ್ಯದ 99 ಸ್ಥಾನಗಳಲ್ಲಿ ಕಾಂಗ್ರೆಸ್ 74 ಗೆದ್ದಿತು. ಮಾರ್ಚ್ ಕೊನೆಗೆ ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾದರು. ಜಯಚಾಮರಾಜ ಒಡೆಯರು ರಾಜಪ್ರಮುಖರು. ಹೊಸ ವಿಧಾನಸಭೆ ಮೊದಲ ಸಲ ಸೇರಿದ್ದು ಜೂನ್ 18ರಂದು, ಈಗ ಹೈಕೋರ್ಟ್ ಇರುವ ಅಠಾರ ಕಚೇರಿಯಲ್ಲಿ. ವಿಧಾನಸೌಧ ಇನ್ನೂ ಕಲ್ಲು, ಉಳಿ, ಚಾಣದ ಸದ್ದಾಗಿದ್ದ ಕಾಲ. ತಮಾಷೆಯೆಂದರೆ ಅಠಾರ ಕಚೇರಿಯಲ್ಲಿ ಬೆಂಚು ಕಾಣುವ ಮೊದಲೇ ಈ ಶಾಸಕರು ರಾಷ್ಟ್ರಪತಿ ಚುನಾವಣೆಯ ಮತದಾರರಾಗಿದ್ದರು. ಮತದಾನ 1952ರ ಮೇ 2ಕ್ಕೆ.

ರಾಜೇಂದ್ರ ಪ್ರಸಾದ್ ಅದಾಗಲೇ ರಾಷ್ಟ್ರಪತಿ. 1950ರ ಜನವರಿ 24ರಂದು ಸಂವಿಧಾನ ರಚನಾ ಸಭೆಯೇ ಅವರನ್ನು ಅವಿರೋಧವಾಗಿ ಆರಿಸಿತ್ತು. ಆದರೆ ಸಂವಿಧಾನ ಹೇಳಿದ ರೀತಿಯಲ್ಲಿ, ಎದುರಾಳಿಗಳನ್ನು ಎದುರಿಟ್ಟುಕೊಂಡು ನಡೆದ ಮೊದಲ ಚುನಾವಣೆ ಇದು. ಕಣದಲ್ಲಿ ಐವರು. ಮುಖ್ಯ ಎದುರಾಳಿ ಯಾರು ಗೊತ್ತೇ? ಅದೇ ಕೆ.ಟಿ. ಶಾ. ಯಾವ ಪದ್ಧತಿ ಬೇಡವೆಂದು ಸಭೆಯಲ್ಲಿ ವಾದಿಸಿ ಸೋತಿದ್ದರೋ ಅದೇ ಪದ್ಧತಿಯಲ್ಲಿ ಸ್ಪರ್ಧಿಸಿ ಇನ್ನೊಮ್ಮೆ ಸೋತರು. ಮೇ 6ರ ಎಣಿಕೆಯಲ್ಲಿ ಪ್ರಸಾದರಿಗೆ 5,07,400, ಶಾ ಅವರಿಗೆ 92,827. ಉಳಿದ ಮೂವರಲ್ಲಿ ಚೌಧರಿ ಹರಿರಾಮ್ ಎಂಬವರಿಗೆ 1,954 ಬಂದಿತ್ತು. ಅವರು ಮುಂದೆಯೂ ಬಿಡದೆ ನಾಮಪತ್ರ ಹಾಕುತ್ತಲೇ ಹೋದರು. ಇಂಥ ಹವ್ಯಾಸಿಗಳ ಕಾಟ ತಾಳಲಾರದೆಯೇ ಮುಂದೆ ಸೂಚಕರು, ಅನುಮೋದಕರು ತಲಾ 50 ಮಂದಿ ಇರಬೇಕು, ಠೇವಣಿ 15,000 ರೂಪಾಯಿ ಎಂಬ ನಿಯಮ ಬಂದದ್ದು.

ಇನ್ನೊಂದು ಸಂಗತಿ ನಮಗೆ ಮನಸ್ಸಿಗೆ ನಾಟಬೇಕಾದ್ದು. ಆ ಮೇ 2ರಂದು ಕನ್ನಡಿಗ ಶಾಸಕರೆಲ್ಲ ಒಂದೇ ಊರಲ್ಲಿ ಮತ ಹಾಕಲಿಲ್ಲ. ಧಾರವಾಡದವರು ಬೊಂಬಾಯಿ ವಿಧಾನಸಭೆಯ ಸದಸ್ಯರು, ಮಂಗಳೂರು ಬಳ್ಳಾರಿಯವರು ಮದರಾಸಿನವರು, ಕಲಬುರಗಿಯವರು ಹೈದರಾಬಾದಿನವರು. ಚಿತ್ರದುರ್ಗದಿಂದ ಗೆದ್ದಿದ್ದ ಎಸ್. ನಿಜಲಿಂಗಪ್ಪನವರು ಸಂಸದರ ಲೆಕ್ಕದಲ್ಲಿ. ಕರ್ನಾಟಕ ಹುಟ್ಟುವ ಮೊದಲು ಭಾರತ ಗಣರಾಜ್ಯಕ್ಕೆ ಮುಖ್ಯಸ್ಥರನ್ನು ಆರಿಸಿದ ಬಗೆ ಇದು. ವೈಟ್‌ಫೀಲ್ಡಿನ ಹಳೆಯ ಕುಟುಂಬಗಳಿಗೆ ಸಂಬಂಧಿಸಿದ ಒಂದು ತೊಡಕೂ ಇತ್ತು. ಆಂಗ್ಲೋ ಇಂಡಿಯನ್ನರಿಗೆಂದು ನಾಮಕರಣಗೊಳ್ಳುತ್ತಿದ್ದ ಸದಸ್ಯರು ಸದನದಲ್ಲಿ ಕೂರಬಹುದು, ಮಾತಾಡಬಹುದು, ರಾಷ್ಟ್ರಪತಿಗೆ ಮತ ಹಾಕುವಂತಿಲ್ಲ. ಚುನಾಯಿತರಿಗೆ ಮಾತ್ರ ಆ ಹಕ್ಕು. 2020ರಲ್ಲಿ ಆ ನಾಮಕರಣದ ಪದ್ಧತಿಯೇ ನಿಂತಿತು.

ಇಲ್ಲಿಂದ ಮುಂದಿನದು ಬಿಇಎಲ್ ತಾತನ ಮುನಿಸಿಗೆ ಸಂಬಂಧಿಸಿದ್ದು. ರಾಷ್ಟ್ರಪತಿ ಚುನಾವಣೆಯ ಮತಪತ್ರದಲ್ಲಿ ಚಿಹ್ನೆಗಳಿಲ್ಲ. ಹೆಸರುಗಳ ಮುಂದೆ ಖಾಲಿ ಜಾಗ. ಶಾಸಕರು ಅಲ್ಲಿ 1, 2, 3 ಎಂದು ತಮ್ಮ ಆಯ್ಕೆಯ ಸರದಿ ಬರೆಯಬೇಕು. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ತೀರಾ ಹಿಂದುಳಿದವರನ್ನು ಕೈಬಿಟ್ಟು, ಅವರ ಚೀಟಿಗಳಲ್ಲಿ ಎರಡನೆಯ ಹೆಸರು ಯಾರದೆಂದು ನೋಡಿ ಅವರಿಗೆ ಹಂಚುತ್ತಾರೆ. ಕನ್ನಡದ ೧, ೨ ಬರೆದರೂ ಮತ ಸಿಂಧು. ‘ಒಂದು’, ‘ಎರಡು’ ಎಂದು ಅಕ್ಷರದಲ್ಲಿ ಬರೆದರೆ ಅಸಿಂಧು. ಸಂಸದರಿಗೆ ಹಸಿರು ಚೀಟಿ, ಶಾಸಕರಿಗೆ ಗುಲಾಬಿ. ನೇರಳೆ ಶಾಯಿಯ ವಿಶೇಷ ಪೆನ್ನನ್ನು ಆಯೋಗವೇ ಕೊಡುತ್ತದೆ, ಜೇಬಿನ ಪೆನ್ನು ಹೊರಗೇ ಇರಬೇಕು. ಜಾಲಹಳ್ಳಿಯ ಯಂತ್ರಕ್ಕೆ ಗೊತ್ತಿರುವುದು ಕೂಡುವ ಲೆಕ್ಕ ಒಂದೇ. ಗುಂಡಿ ಒತ್ತಿದರೆ ಆ ಹೆಸರಿಗೆ ಒಂದು ಸೇರುತ್ತದೆ, ಅಲ್ಲಿಗೆ ಮುಗಿಯಿತು. ಮನಸ್ಸಿನಲ್ಲಿ ಎರಡನೆಯವರು ಯಾರಿದ್ದರು ಎಂದು ಅದು ಕೇಳುವುದಿಲ್ಲ.

ಈ ಎರಡನೆಯವರ ಲೆಕ್ಕ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿಯವರೆಗೆ ಒಂದೇ ಸಲ. ಆ ಕತೆ ಶುರುವಾದದ್ದು ನಮ್ಮ ಲಾಲ್‌ಬಾಗಿನಲ್ಲಿ. 1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈ ಎರಡನೇ ವಾರ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಕಾಂಗ್ರೆಸ್ ಅಧ್ಯಕ್ಷರು ಅದೇ ನಿಜಲಿಂಗಪ್ಪ. ಅಭ್ಯರ್ಥಿಯನ್ನು ಗೊತ್ತುಮಾಡಲು ಸಂಸದೀಯ ಮಂಡಳಿ ಬೆಂಗಳೂರಿನಲ್ಲೇ ಸೇರಿತು. ಇಂದಿರಾ ಗಾಂಧಿ ಜಗಜೀವನ್ ರಾಮ್ ಹೆಸರು ಹೇಳಿದರೆ ಹಿರಿಯರ ಗುಂಪು ನೀಲಂ ಸಂಜೀವ ರೆಡ್ಡಿ ಎಂದಿತು. ಹಿರಿಯರ ಕೈ ಮೇಲಾಯಿತು. ಇಂದಿರಾ ದೆಹಲಿಗೆ ಮರಳಿ ವಾರದೊಳಗೆ ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು, ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು. ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ‘ಆತ್ಮಸಾಕ್ಷಿಗೆ ಸರಿಯಾಗಿ ಮತ ಹಾಕಿ’ ಎಂಬ ಕರೆ ಹೊರಟಿತು. ಸ್ವಂತ ಪಕ್ಷದ ಅಭ್ಯರ್ಥಿಯ ವಿರುದ್ಧ ಪ್ರಧಾನಿಯ ಪಾಳೆಯ ಕೆಲಸ ಮಾಡಿತು.

ಆಗಸ್ಟ್ 20ರ ಎಣಿಕೆಯಲ್ಲಿ ಗೆಲ್ಲಲು ಬೇಕಿದ್ದದ್ದು 4,18,169. ಗಿರಿ 4,01,515ಕ್ಕೆ ನಿಂತರು, ರೆಡ್ಡಿ 3,13,548ಕ್ಕೆ. ಮೂರನೆಯವರಾದ ಸಿ.ಡಿ. ದೇಶಮುಖ್ 1,12,769. ಅಲ್ಲಿಗೆ ಅಧಿಕಾರಿಗಳು ಚೀಟಿಗಳನ್ನು ಮತ್ತೆ ಕೈಗೆತ್ತಿಕೊಂಡರು. ಎರಡನೆಯ ಆಯ್ಕೆಗಳು ಹಂಚಿಹೋಗಿ ಗಿರಿ 4,20,077ಕ್ಕೆ ಏರಿದರು, ರೆಡ್ಡಿ 4,05,427ರಲ್ಲಿ ಉಳಿದರು. ನವೆಂಬರಿನಲ್ಲಿ ನಿಜಲಿಂಗಪ್ಪನವರ ಪಕ್ಷ ಪ್ರಧಾನಿಯನ್ನೇ ಉಚ್ಚಾಟಿಸಿತು, ಕಾಂಗ್ರೆಸ್ ಒಡೆಯಿತು. ಗಾಜಿನ ಮನೆಯಲ್ಲಿ ಈಗ ಫಲಪುಷ್ಪ ಪ್ರದರ್ಶನಕ್ಕೆ ಸಾಲು ನಿಲ್ಲುವವರಲ್ಲಿ ಎಷ್ಟು ಮಂದಿಗೆ ಇದು ನೆನಪಿದೆಯೋ. ಕನ್ನಡಿಗರೊಬ್ಬರು ಆ ಕುರ್ಚಿಯ ತೀರ ಹತ್ತಿರಕ್ಕೆ ಹೋದದ್ದೂ ಒಂದು ಸಲ ಉಂಟು. 1977ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜಮಖಂಡಿಯ ಬಿ.ಡಿ. ಜತ್ತಿ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಅದು ಚುನಾವಣೆಯಲ್ಲಿ ಗೆದ್ದ ಕುರ್ಚಿಯಲ್ಲ.

ಸರಿ, ಯಂತ್ರಕ್ಕೆ ಬರೋಣ. ಮತಯಂತ್ರವನ್ನು ಮಾಡುವ ಸಂಸ್ಥೆಗಳು ದೇಶದಲ್ಲಿ ಎರಡೇ: ನಮ್ಮ ಬಿಇಎಲ್, ಹೈದರಾಬಾದಿನ ಇಸಿಐಎಲ್. ಬಿಇಎಲ್‌ನಲ್ಲಿ ಅದರ ವಿನ್ಯಾಸದ ಹಿಂದೆ ಇದ್ದವರಲ್ಲಿ ಎಸ್. ರಂಗರಾಜನ್ ಒಬ್ಬರು. ಜಾಲಹಳ್ಳಿಗೆ ಅವರು ಎಂಜಿನಿಯರ್. ತಮಿಳು ಓದುಗರಿಗೆ ಮಾತ್ರ ಹೆಂಡತಿಯ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ‘ಸುಜಾತಾ’, ಪತ್ತೇದಾರಿಯಿಂದ ವಿಜ್ಞಾನ ಕತೆಗಳವರೆಗೆ ಬರೆದು ಮನೆಮಾತಾದ ಲೇಖಕ. “ನಮ್ ಕ್ಯಾಂಟೀನಲ್ಲೇ ಊಟ ಮಾಡೋರು. ಮದ್ರಾಸಿಗೆ ಹೋದ್ರೆ ಜನ ಮುತ್ತಿಕೊಳ್ಳೋರಂತೆ, ಇಲ್ಲಿ ಅವ್ರ ಟೋಕನ್ನೂ ನಮ್ ಟೋಕನ್ನೂ ಒಂದೇ” ಎಂದು ತಾತ ಹೇಳಿದ್ದುಂಟು.

ಯಂತ್ರ ಮೊದಲು ನಿಜವಾದ ಮತ ತೆಗೆದುಕೊಂಡದ್ದು 1982ರ ಮೇ 19ರಂದು, ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಸಿಪಿಐನ ಶಿವನ್ ಪಿಳ್ಳೆ 123 ಮತಗಳಿಂದ ಗೆದ್ದರು. ಸೋತ ಕಾಂಗ್ರೆಸ್ಸಿನ ಎ.ಸಿ. ಜೋಸ್ ಕೋರ್ಟಿಗೆ ಹೋದರು. ಯಂತ್ರ ಕೆಟ್ಟಿದೆ ಎಂದು ಸುಪ್ರೀಂ ಕೋರ್ಟ್ ಹೇಳಲಿಲ್ಲ. ಕಾನೂನಿನಲ್ಲಿರುವುದು ಮತಪತ್ರ, ಯಂತ್ರದ ಸುದ್ದಿಯೇ ಇಲ್ಲ, ಇಲ್ಲದ್ದನ್ನು ಆಯೋಗ ತಾನಾಗಿ ತರುವಂತಿಲ್ಲ ಎಂದು 1984ರಲ್ಲಿ ತೀರ್ಪು ಕೊಟ್ಟಿತು. ಆ ಮತಗಟ್ಟೆಗಳಲ್ಲಿ ಮತ್ತೆ ಚೀಟಿಯ ಮೇಲೆ ಮತದಾನ ನಡೆದು ಜೋಸ್ ಗೆದ್ದರು. ಕಾನೂನು ತಿದ್ದಿ ಯಂತ್ರಕ್ಕೆ ಜಾಗ ಮಾಡಿದ್ದು 1989ರಿಂದ. ದೇಶದ ಎಲ್ಲ ಲೋಕಸಭಾ ಕ್ಷೇತ್ರಗಳಿಗೂ ಅದು ಹೋದದ್ದು 2004ರಲ್ಲಿ. ಯಂತ್ರ ಓಡಿದಷ್ಟು ಜೋರಾಗಿ ಕಾನೂನು ಓಡಿರಲಿಲ್ಲ, ಅಷ್ಟೆ.

ಈಗ ನಮೀಬಿಯಾ. ದಕ್ಷಿಣ ಆಫ್ರಿಕಾದ ಹಿಡಿತದಿಂದ ಬಿಡಿಸಿಕೊಂಡು 1990ರ ಮಾರ್ಚ್ 21ರಂದು ಸ್ವತಂತ್ರವಾದ ದೇಶ. ಕರ್ನಾಟಕದಂಥ ನಾಲ್ಕು ರಾಜ್ಯ ಹಿಡಿಸುವಷ್ಟು ನೆಲ, 2011ರ ಎಣಿಕೆಯಲ್ಲಿ 21 ಲಕ್ಷ ಜನ. ಸ್ವಾತಂತ್ರ್ಯಕ್ಕೆ ಮುಂಚಿನ ಚುನಾವಣೆ 1989ರಲ್ಲಿ ವಿಶ್ವಸಂಸ್ಥೆಯ ಕಾವಲಿನಲ್ಲಿ ನಡೆಯಿತು. ಆ ಪಡೆಯ ಸೇನಾಧಿಪತಿ ಭಾರತದ ಲೆಫ್ಟಿನೆಂಟ್ ಜನರಲ್ ಪ್ರೇಮ್ ಚಂದ್. ಮೊದಲ ಅಧ್ಯಕ್ಷ ಸ್ಯಾಮ್ ನುಜೋಮಾ ಅವರನ್ನು ಅಲ್ಲಿನ ಸಂವಿಧಾನ ಸಭೆ ಆರಿಸಿತು, ನಮ್ಮಲ್ಲಿ ರಾಜೇಂದ್ರ ಪ್ರಸಾದರನ್ನು ಆರಿಸಿದ ಹಾಗೆಯೇ. ಮುಂದಿನ ಹೆಜ್ಜೆಯಲ್ಲಿ ಎರಡು ದೇಶಗಳ ದಾರಿ ಬೇರೆಯಾಯಿತು. ನಾವು 1952ರಲ್ಲಿ ಶಾಸಕರ ಕೈಗೆ ಚೀಟಿ ಕೊಟ್ಟೆವು. ಅವರು 1994ರ ಡಿಸೆಂಬರಿನಲ್ಲಿ ಪ್ರಜೆಗಳನ್ನೇ ಮತಗಟ್ಟೆಗೆ ಕರೆದರು, ಕೆ.ಟಿ. ಶಾ ಕೇಳಿದ್ದ ಹಾಗೆ. ನುಜೋಮಾ ಮತ್ತೆ ಗೆದ್ದರು.

2014ರ ನವೆಂಬರ್ 28ಕ್ಕೆ ಜಾಲಹಳ್ಳಿಯ ಯಂತ್ರ ಆ ಮರುಭೂಮಿಯ ನಾಡಿನ ಮತಗಟ್ಟೆಗಳಲ್ಲಿ ಕೂತಿತ್ತು. ಆಫ್ರಿಕಾದಲ್ಲಿ ವಿದ್ಯುನ್ಮಾನ ಯಂತ್ರದಿಂದ ಇಡೀ ದೇಶ ಮತ ಹಾಕಿದ್ದು ಅದೇ ಮೊದಲು. ಹಾಗೇ ಗೇಂಗೊಬ್ ಎಂಬವರು ಶೇ 86ಕ್ಕೂ ಹೆಚ್ಚು ಮತ ಪಡೆದು ಅಧ್ಯಕ್ಷರಾದರು. ಬಿಇಎಲ್ ತಾತ ಆಗಲೇ ನಿವೃತ್ತರು. ಆದರೂ ಮರುದಿನ ಪೇಪರಿನ ಆ ತುಣುಕು ಕತ್ತರಿಸಿ ಡೈರಿಯೊಳಗಿಟ್ಟಿದ್ದಾರೆ. ತೋರಿಸಿದರು. ಅಂಟು ಹಳದಿಯಾಗಿದೆ.

ಡೈರಿಯಲ್ಲಿ ಇಲ್ಲದ್ದು ಮುಂದಿನ ಭಾಗ. 2019ರಲ್ಲಿ ಗೇಂಗೊಬ್ ಮತ್ತೆ ಗೆದ್ದರು, ಈ ಸಲ ಶೇ 56ಕ್ಕೆ ಇಳಿದಿದ್ದರು. ಎದುರು ನಿಂತಿದ್ದ ಪಂಡುಲೇನಿ ಇಟುಲಾ ಕೋರ್ಟಿಗೆ ಹೋದರು. ಮತಯಂತ್ರ ಇರಲಿ, ಅದರ ಜೊತೆ ಪರಿಶೀಲಿಸಬಹುದಾದ ಕಾಗದದ ದಾಖಲೆಯೂ ಇರಲಿ ಎಂದು ನಮೀಬಿಯಾದ ಸಂಸತ್ತು ಕಾನೂನು ಮಾಡಿತ್ತು. ಮಂತ್ರಿಗಳು ಕಾನೂನಿನ ಯಂತ್ರದ ಭಾಗವನ್ನು ಮಾತ್ರ ಜಾರಿಗೆ ತಂದು ಕಾಗದದ ಭಾಗವನ್ನು ಮಡಚಿಟ್ಟಿದ್ದರು. 2021ರ ಫೆಬ್ರುವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದು ಸಂವಿಧಾನಬಾಹಿರ ಎಂದಿತು, ಫಲಿತಾಂಶವನ್ನು ಮಾತ್ರ ರದ್ದು ಮಾಡಲಿಲ್ಲ. 2024ರ ಚುನಾವಣೆ ಅಲ್ಲಿ ಕಾಗದದ ಮೇಲೇ ನಡೆಯಿತು. ಮತಪತ್ರಗಳು ಸಾಲದೆ ದಿನಗಳನ್ನು ಹೆಚ್ಚಿಸಬೇಕಾಯಿತು. ಆ ಗದ್ದಲದ ನಡುವೆ ನೇತುಂಬೊ ನಂದಿ ನ್ಡೈಟ್ವಾ ಅಲ್ಲಿನ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಆರಿಸಿಬಂದರು. ಪರವೂರಿನಲ್ಲಿ ಕಾನೂನೇ ಇರಲಿಲ್ಲ, ನಮೀಬಿಯಾದಲ್ಲಿ ಅರ್ಧ ಕಾನೂನು ಇತ್ತು. ಎರಡು ಕಡೆಯೂ ಎಡವಿದ್ದು ಎಂಜಿನಿಯರುಗಳಲ್ಲ. ಇದನ್ನು ತಾತನಿಗೆ ಹೇಳಿದಾಗ ಅವರಿಗೆ ಸಮಾಧಾನವಾಯಿತೋ ಬೇಸರವಾಯಿತೋ ಗೊತ್ತಾಗಲಿಲ್ಲ. “ಕಾಗದದ ಚೀಟಿ ತೋರ್ಸೋ ವಿವಿಪ್ಯಾಟೂ ನಾವೇ ಮಾಡ್ತೀವಲ್ಲ, ಕೇಳಿದ್ರೆ ಕೊಡ್ತಿದ್ವಪ್ಪ” ಎಂದರು.

ರಾಷ್ಟ್ರಪತಿ ಚುನಾವಣೆಯ ಲೆಕ್ಕದಲ್ಲಿ ನಮ್ಮ ಹೊರವಲಯದ ಬೆಂಗಳೂರಿಗೆ ನೇರವಾಗಿ ತಟ್ಟುವ ಒಂದು ಸಂಗತಿ ಅಡಗಿ ಕೂತಿದೆ. ಒಬ್ಬ ಶಾಸಕರ ಮತದ ಬೆಲೆ ಎಷ್ಟು? ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಬೇಕು. 1952ರಲ್ಲಿ ಹೀಗೆ ಲೆಕ್ಕ ಹಾಕಿ ದೇಶದ ಎಲ್ಲ ಶಾಸಕರ ಮತಮೌಲ್ಯ ಕೂಡಿ, ಸಂಸದರಿಗೆ ಸಮನಾಗಿ ಹಂಚಿದಾಗ ಒಬ್ಬ ಸಂಸದರ ಮತಕ್ಕೆ 494 ಬಂದಿತ್ತು. ಕರ್ನಾಟಕದ ಇಂದಿನ ಲೆಕ್ಕ: 2,92,99,014ನ್ನು 224ರಿಂದ ಭಾಗಿಸಿ, ಸಾವಿರದಿಂದ ಭಾಗಿಸಿದರೆ 131. ಆದರೆ ಕರ್ನಾಟಕದಲ್ಲಿ ಮೂರು ಕೋಟಿಗಿಂತ ಕಡಿಮೆ ಜನ ಇದ್ದದ್ದು ಯಾವಾಗ? 1971ರಲ್ಲಿ. ಜನಸಂಖ್ಯೆ ತಡೆದ ರಾಜ್ಯಗಳಿಗೆ ನಷ್ಟವಾಗಬಾರದೆಂದು ಸಂವಿಧಾನ ತಿದ್ದಿ ಲೆಕ್ಕವನ್ನು ಆ ವರ್ಷಕ್ಕೇ ನಿಲ್ಲಿಸಿದ್ದಾರೆ. 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೂ ಅದೇ.

ಉದ್ದೇಶ ಒಳ್ಳೆಯದೇ, ದಕ್ಷಿಣದವರಾಗಿ ನಾವು ತಕರಾರು ತೆಗೆಯುವಂತಿಲ್ಲ. ಆದರೂ ಒಂದು ಸಲ ಪೀಣ್ಯದ ಎರಡನೇ ಹಂತದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ನಿಂತು ನೋಡಿ. ಲೇತು, ಮಿಲ್ಲಿಂಗು, ಪವರ್ ಪ್ರೆಸ್ಸಿನಿಂದ ಹೊರಬರುವ ಆ ಜನಸಾಗರ 1971ರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯ ಫ್ಲೈಓವರ್ ಇಳಿಯುವವರೂ ಇಲ್ಲ. ವೈಟ್‌ಫೀಲ್ಡ್ ಸೇರಿದ ಮಹದೇವಪುರದಲ್ಲಿ ಈಗ ಆರು ಲಕ್ಷಕ್ಕೂ ಮಿಕ್ಕ ಮತದಾರರು. ಅದರ ಮತದಾರರ ಪಟ್ಟಿಯ ಮೇಲೆ 2025ರಲ್ಲಿ ರಾಹುಲ್ ಗಾಂಧಿ ಆರೋಪ ಮಾಡಿ, ಆಯೋಗ ತಳ್ಳಿಹಾಕಿ, ರಾಷ್ಟ್ರಮಟ್ಟದ ಜಟಾಪಟಿಯೇ ನಡೆಯಿತು. ಎರಡು ಲಕ್ಷ ಮತದಾರರೂ ಇಲ್ಲದ ಶೃಂಗೇರಿಯ ಶಾಸಕರ ಚೀಟಿಗೂ 131, ಮಹದೇವಪುರದ ಶಾಸಕರ ಚೀಟಿಗೂ 131.

2022ರ ಆ ಜುಲೈನಲ್ಲಿ ಬೊಮ್ಮಸಂದ್ರದ ಒಂದು ಟೀ ಅಂಗಡಿಯಲ್ಲಿ ಒಡಿಶಾದ ನಾಲ್ಕು ಹುಡುಗರು ಸಿಕ್ಕಿದ್ದರು. ಒಬ್ಬನ ಊರು ಮಯೂರ್‌ಭಂಜ್, ಮುರ್ಮು ಅವರ ಜಿಲ್ಲೆಯೇ. ಎಲ್ಲರಿಗೂ ಅವನದೇ ಟೀ. “ನಮ್ಮ ದೀದಿ” ಎಂದು ಹತ್ತು ಸಲ ಹೇಳಿದ. ಆಮೇಲೆ ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದ: “ಸಾರ್, ವೋಟ್ ಯಾವಾಗ್ ಆಯ್ತು? ನಮ್ಗೆ ರಜಾನೇ ಕೊಟ್ಟಿಲ್ಲ.” ನಿನ್ನ ಪರವಾಗಿ ನಿನ್ನ ಶಾಸಕರು ಹಾಕಿದ್ದಾರೆ ಎಂದೆ. ಶಾಸಕರ ಹೆಸರು ಅವನಿಗೆ ಗೊತ್ತಿರಲಿಲ್ಲ. ಊರು ಬಿಟ್ಟು ಆರು ವರ್ಷವಾಗಿತ್ತು. ಪಂಚಾಯಿತಿ ಚುನಾವಣೆಗೆ ಮಾತ್ರ ರೈಲು ಹತ್ತಿ ಹೋಗಿದ್ದನಂತೆ, ಚಿಕ್ಕಪ್ಪ ನಿಂತಿದ್ದರು. ಗೊರಗುಂಟೆಪಾಳ್ಯದಲ್ಲಿ ಸಂಜೆ ಬಸ್ಸು ಕಾಯುವ ನಮ್ಮ ಯಾದಗಿರಿ, ರಾಯಚೂರಿನ ಹುಡುಗರದೂ ಇದೇ ಕತೆ. ಪಂಚಾಯಿತಿ ಚುನಾವಣೆ ಬಂದರೆ ಬಸ್ಸಿನ ಮೇಲೂ ಜಾಗವಿರುವುದಿಲ್ಲ. ಲೋಕಸಭೆಗಾದರೆ “ಹೋದ್ರ ಎರಡು ದಿನದ ಪಗಾರ ಹೋಗ್ತದ್ರೀ”.

ಆ ವರ್ಷ ದೆಹಲಿಯಿಂದ ರಾಜ್ಯಗಳಿಗೆ ಬಂದ ಖಾಲಿ ಮತಪೆಟ್ಟಿಗೆಗಳು ವಿಮಾನದ ಮುಂದಿನ ಸಾಲಿನಲ್ಲಿ ಸೀಟು ಹಿಡಿದು ಬಂದಿದ್ದವು. ಟಿಕೆಟಿನ ಮೇಲೆ ಪ್ರಯಾಣಿಕರ ಹೆಸರು ‘ಮಿಸ್ಟರ್ ಬ್ಯಾಲಟ್ ಬಾಕ್ಸ್’. ಹಾಗೆ ಬಂದ ಪೆಟ್ಟಿಗೆಯಲ್ಲಿ ಕರ್ನಾಟಕದ ಶಾಸಕರು ವಿಧಾನಸೌಧದಲ್ಲಿ ಗುಲಾಬಿ ಚೀಟಿ ಹಾಕಿದರು.

ಕೊನೆಗೆ ನಮ್ಮ ಅಕ್ಕನ ವಿಷಯ. ಅಕ್ಕ ದಾಸರಹಳ್ಳಿ ಕಡೆಯ ಸರ್ಕಾರಿ ಶಾಲೆಯ ಟೀಚರು. ಚುನಾವಣೆ ಬಂತೆಂದರೆ ಡ್ಯೂಟಿ ಆರ್ಡರು ಕ್ಯಾಲೆಂಡರಿಗಿಂತ ಮುಂಚೆ ಬರುತ್ತದೆ. 2023ರ ಮೇ 10ರ ವಿಧಾನಸಭಾ ಚುನಾವಣೆಗೆ ಎಪಿಆರ್‌ಒ, ಅಂದರೆ ಸಹಾಯಕ ಮತಗಟ್ಟೆ ಅಧಿಕಾರಿ. ಹಿಂದಿನ ದಿನ ಮಸ್ಟರಿಂಗ್ ಸೆಂಟರಿನಲ್ಲಿ ಬಿಸಿಲಲ್ಲಿ ನಿಂತು ಸಿಯು (ಕಂಟ್ರೋಲ್ ಯೂನಿಟ್), ಬಿಯು (ಬ್ಯಾಲಟ್ ಯೂನಿಟ್), ವಿವಿಪ್ಯಾಟ್ ಮೂರನ್ನೂ ಲೆಕ್ಕ ಮಾಡಿ ಇಸಿದುಕೊಂಡು, ಬಿಎಂಟಿಸಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದಳು. ವಿವಿಪ್ಯಾಟಿನ ಮೇಲೆ ನೇರ ಬೆಳಕು ಬೀಳಬಾರದು, ಬಲ್ಬಿನ ಕೆಳಗೆ ಇಡಬಾರದು. ಶಾಲೆಯ ಕೋಣೆಯಲ್ಲಿ ಇರುವುದೊಂದೇ ಬಲ್ಬು, ಅದೂ ನಟ್ಟನಡುವೆ. ಮೇಜು ಎಳೆದಾಡುವುದರಲ್ಲೇ ರಾತ್ರಿ ಹನ್ನೊಂದಾಯಿತು. ಬೆಳಿಗ್ಗೆ ಐದೂವರೆಗೆ ಏಜೆಂಟರ ಮುಂದೆ ಅಣಕು ಮತದಾನ. ಕನಿಷ್ಠ 50 ಮತ ಒತ್ತಿ, ಎಣಿಸಿ ತೋರಿಸಿ, ಆಮೇಲೆ ಅಳಿಸಬೇಕು. ಕ್ಲೋಸ್, ರಿಸಲ್ಟ್, ಕ್ಲಿಯರ್. ತರಬೇತಿಯಲ್ಲಿ ಮಗ್ಗಿಯ ಹಾಗೆ ಹೇಳಿಸುತ್ತಾರೆ: ‘ಸಿಆರ್‌ಸಿ’. ಮತಗಟ್ಟೆ ಅಧಿಕಾರಿ (ಪಿಆರ್‌ಒ) ಅವಸರದಲ್ಲಿ ಕೊನೆಯದನ್ನು ಮರೆತು ಸೀಲು ಕೈಗೆತ್ತಿಕೊಂಡಿದ್ದರಂತೆ. ಅಕ್ಕ ಕೈ ಹಿಡಿದು ನಿಲ್ಲಿಸಿದಳು. “ಇಲ್ದಿದ್ರೆ ಐವತ್ತು ದೆವ್ವದ ವೋಟು ಒಳಗೇ ಕೂತಿರೋವು ಕಣೋ” ಎಂದು ಈಗ ನಗುತ್ತಾಳೆ. ಆಗ ನಡುಗಿದ್ದಳು.

ಮಧ್ಯಾಹ್ನ ಒಬ್ಬ ಅಜ್ಜಿ ಮೊಮ್ಮಗಳ ಭುಜ ಹಿಡಿದು ಬಂದರಂತೆ. ಬೆರಳಿಗೆ ಮೈಸೂರಿನ ಶಾಯಿ ಹಚ್ಚಿಸಿಕೊಂಡು, ಮರೆಯ ಹಿಂದೆ ಹೋಗಿ, ಗುಂಡಿ ಒತ್ತಿ ಅಲ್ಲೇ ನಿಂತರು. ಚೀಟಿ ಏಳು ಸೆಕೆಂಡು ಗಾಜಿನ ಹಿಂದೆ ಕಂಡು ಬಿದ್ದುಹೋಯಿತು. ‘ಬೀಪ್’ ಸದ್ದು ಬಂತು. ಅಜ್ಜಿಗೆ ಕೇಳಿಸಲಿಲ್ಲ.

“ಕೂಗ್ತಾ?”

“ಕೂಗ್ತು ಕಣಜ್ಜಿ, ಬನ್ನಿ.”

“ನನ್ ಕಿವೀಗ್ ಬೀಳ್ಲಿಲ್ವಲ್ಲ. ಇನ್ನೊಂದ್ ಸಲ ಒತ್ಲಾ?”

ಏಜೆಂಟರೆಲ್ಲ ನಕ್ಕರಂತೆ. ಬೆಂಗಳೂರಿನಲ್ಲಿ ಆ ದಿನ ಮತದಾನ ಶೇ 55ರ ಆಸುಪಾಸಿನಲ್ಲೇ ನಿಂತಿತು. ಇನ್ನೊಂದು ಸಲ ಒತ್ತಲು ಸಿದ್ಧವಿದ್ದವರು ಆ ಅಜ್ಜಿ ಒಬ್ಬರೇ ಇರಬೇಕು.

ಡಿಮಸ್ಟರಿಂಗ್ ಮುಗಿಸಿ ಅಕ್ಕ ನಮ್ಮ ಮನೆಗೆ ಬಂದಾಗ ರಾತ್ರಿ ಎರಡು ಗಂಟೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಗೇಟಿನ ಚಿಲಕ ಸದ್ದಾಯಿತು. ಆ ವಾರವೇ ಒಂದು ಗಾಳಿಸುದ್ದಿ ಓಡಾಡುತ್ತಿತ್ತು: ಕರ್ನಾಟಕಕ್ಕೆ ತಂದಿರುವುದು ದಕ್ಷಿಣ ಆಫ್ರಿಕಾದಲ್ಲಿ ಬಳಸಿದ ಹಳೇ ಯಂತ್ರಗಳು ಎಂದು. ಕಾಂಗ್ರೆಸ್ ಪಕ್ಷ ಆಯೋಗಕ್ಕೆ ಪತ್ರವನ್ನೂ ಬರೆದಿತ್ತು. ನಮ್ಮ ಯಂತ್ರ ದಕ್ಷಿಣ ಆಫ್ರಿಕಾಕ್ಕೆ ಹೋಗಿಯೇ ಇಲ್ಲ, ಕರ್ನಾಟಕಕ್ಕೆ ಕೊಟ್ಟದ್ದೆಲ್ಲ ಹೊಸವು ಎಂದು ಆಯೋಗ ಉತ್ತರಿಸಿತು. ತಾತನ ತಲೆಯಲ್ಲಿ ಅದೇ ಕೊರೆಯುತ್ತಿತ್ತು ಅಂತ ಕಾಣುತ್ತದೆ.

“ಏನಮ್ಮಾ, ಮಿಷನ್ ತೊಂದ್ರೆ ಕೊಡ್ಲಿಲ್ಲ ತಾನೇ?”

“ಇಲ್ಲ ಸಾರ್, ಚೆನ್ನಾಗಿ ನಡೀತು. ಹೊಸ ಮಿಷನ್ನು.”

“ನಡೀದೆ ಏನಮ್ಮಾ, ನಮ್ದು ಅಂದ್ಮೇಲೆ...”

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ಹೈದರಾಬಾದಿಂದು ಸಾರ್. ಇಸಿಐಎಲ್. ಈ ಸಲ ರಾಜ್ಯಕ್ಕೆಲ್ಲ ಅವೇ ಬಂದಿದ್ವಂತೆ.”

ತಾತ ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಪೇಪರು ಮಡಚಿ ಕಂಕುಳಿಗೆ ಇಟ್ಟುಕೊಂಡರು.

“ಡಿಸೈನ್ ಒಂದೇ ಬಿಡಮ್ಮಾ” ಎಂದು ಗೇಟು ಹಾಕಿಕೊಂಡು ಹೋದರು.